ಎರಡು ಯಂತ್ರಗಳ ನಡುವೆ ಯಮುನವ್ವ

ಇಚಲಕರಂಜಿಯ ಹೊರವಲಯದ ನೂಲಿನ ಗಿರಣಿಯಲ್ಲಿ ಯಮುನವ್ವನಿಗೆ ಇದು ಹತ್ತೊಂಬತ್ತನೆಯ ವರ್ಷ. ಒಂದು ಯಂತ್ರಕ್ಕೆ ನೂಲು ಸುತ್ತುವ ನಾನೂರು ಕದಿರು. ಎಲ್ಲಿ ಎಳೆ ಕಡಿಯಿತೋ ಅಲ್ಲಿಗೆ ನಡೆದು, ತುದಿ ಹಿಡಿದು ಕೂಡಿಸುವುದು ಆಕೆಯ ಕೆಲಸ. ಗಡಹಿಂಗ್ಲಜ ಕಡೆಯ ಕುರಿ ಸಾಕುವ ಮನೆಯಲ್ಲಿ ಉಣ್ಣೆ ನೂಲುತ್ತ ಬೆಳೆದವಳಾದ್ದರಿಂದ ಬೆರಳಿಗೆ ಇದು ಹೊಸದಾಗಿರಲಿಲ್ಲ.

ಗಿರಣಿಯಲ್ಲಿ ಒಂದು ಹಳೆಯ ರೂಢಿ. ಎಳೆಕೂಸಿನ ತಾಯಿ ಪಾಳಿಯಲ್ಲಿ ಎರಡು ಸಲ, ಕೂಸನ್ನು ಬಿಟ್ಟಿರುವ ಪಾಳಣಾಘರಕ್ಕೆ ಹೋಗಿ ಹಾಲೂಡಿಸಿ ಬರುವಳು. ಅಷ್ಟು ಹೊತ್ತು ಪಕ್ಕದವಳು ಎರಡೂ ಯಂತ್ರ ನೋಡಿಕೊಳ್ಳುವಳು. ಯಾರೂ ಕೇಳುತ್ತಿರಲಿಲ್ಲ, ಯಾರೂ ಬರೆದಿಡುತ್ತಿರಲಿಲ್ಲ. ಮಗಳು ಉಜ್ವಲಾ ಕೂಸಾಗಿದ್ದಾಗ ಯಮುನವ್ವನಿಗಾಗಿ ಪಕ್ಕದ ಯಂತ್ರದ ನಾಗೂಬಾಯಿ ನಿಂತಿದ್ದಳು. ಈಗ ಏಳು ತಿಂಗಳ ಕೂಸಿನ ತಾಯಿ, ಸಾಯಲಿ ಎಂಬ ಹುಡುಗಿಗಾಗಿ ಯಮುನವ್ವ ನಿಲ್ಲುತ್ತಿದ್ದಳು.

ನಷ್ಟದಲ್ಲಿದ್ದ ಈ ಸಹಕಾರಿ ಗಿರಣಿ ಕಳೆದ ವರ್ಷ ಖಾಸಗಿ ಕಂಪನಿಯ ಕೈಗೆ ಹೋಯಿತು. ಹೊಸ ಮ್ಯಾನೇಜರ್ ಜಿನೇಶ, ಜಯಸಿಂಗಪುರದವರು. ಒಂದು ಬೆಳಿಗ್ಗೆ ಸಾಯಲಿ ಹಾಲೂಡಿಸಲು ಹೋಗಿದ್ದಾಗ ಅವರು ಗಡಿಯಾರ ನೋಡುತ್ತ ಬಂದು ನಿಂತರು. ಹುಡುಗಿಗೆ ಬೈಗುಳ ಬೀಳಬಾರದೆಂದು ಯಮುನವ್ವ ಓಡಿ ಓಡಿ ಕೆಲಸ ಮಾಡಿದಳು. ಇಪ್ಪತ್ತು ನಿಮಿಷ, ಎರಡೂ ಯಂತ್ರಗಳಲ್ಲಿ ಕಡಿದ ಒಂದು ಎಳೆಯೂ ಕೂಡಿಸದೆ ಜೋತುಬೀಳಲಿಲ್ಲ.

ನಾಲ್ಕನೆಯ ದಿನ ಗಿರಣಿಯ ಸೂಚನಾ ಫಲಕದ ಮೇಲೆ ಕಾಗದ ಬಂತು: ಮುಂದಿನ ತಿಂಗಳಿಂದ ಎರಡು ಯಂತ್ರಕ್ಕೆ ಒಬ್ಬಳೇ. ಕೆಲಸ ಬಿಡಬೇಕಾದವರಲ್ಲಿ ಮೊದಲ ಹೆಸರು ಸಾಯಲಿಯದು.

“ಚಲೋ ಓಡಿದಿ ಬಿಡವಾ,” ಎಂದಳು ನಾಗೂಬಾಯಿ. “ಅಕಿನ್ನ ಮನೀ ಮುಟ್ಟಾ ಓಡಿಸಿದಿ.”

ಯಮುನವ್ವ ಅಂದು ಬುತ್ತಿ ಬಿಚ್ಚಲಿಲ್ಲ. ಆಫೀಸಿಗೆ ಹೋಗಿ, ನೀವು ನೋಡಿದ್ದು ಇಪ್ಪತ್ತು ನಿಮಿಷ, ಒಂದು ಇಡೀ ಪಾಳಿ ಎರಡೂ ಯಂತ್ರ ನಾನೊಬ್ಬಳೇ ನಡೆಸುತ್ತೇನೆ, ನಿಂತು ನೋಡಿರಿ ಎಂದು ಕೇಳಿಕೊಂಡಳು. ಜಿನೇಶ ಒಪ್ಪಿದರು. ಬೇಕೆಂದೇ ನಿಧಾನ ಮಾಡು ಎಂದು ಗೆಳತಿಯರು ಹೇಳಿಕೊಟ್ಟರು. ಈ ವಯಸ್ಸಿನಲ್ಲಿ ಕೈಗಳಿಗೆ ಸುಳ್ಳು ಕಲಿಸಲಾಗದು ಎಂದು ಆಕೆ ಎಂದಿನಂತೆಯೇ ದುಡಿದಳು.

ಮೊದಲ ತಾಸಿನ ಕೊನೆಗೆ ಜೋತುಬಿದ್ದ ಎಳೆ ಎರಡು. ನಾಲ್ಕನೆಯ ತಾಸಿಗೆ ಹದಿನೇಳು. ಮಧ್ಯಾಹ್ನ ಗಾಳಿ ಒಣಗಿ ನೂಲು ಹೆಚ್ಚು ಕಡಿಯತೊಡಗಿದ ಮೇಲೆ ನಲವತ್ತೊಂದು. ಎಣಿಸಿ ಬರೆದುಕೊಂಡವರು ಜಿನೇಶರೇ.

“ಮೊನ್ನೆ ಹೆಂಗ ಮಾಡಿದ್ರಿ ಮತ್ತ?” ಎಂದು ಕೇಳಿದರು.

“ಮೊನ್ನೆ ಓಡಿದ್ನಿರಿ, ಸಾಹೇಬ್ರ. ಎಂಟ ತಾಸು ಯಾರ ಓಡ್ತಾರ?”

ಮರುದಿನ ಆ ಕಾಗದ ಇಳಿಯಿತು. ಎಳೆ ಇಷ್ಟು ಕಡಿಯದ ಹೊಸ ಯಂತ್ರಗಳು ಬರುವವರೆಗೆ ಯಾರನ್ನೂ ಬಿಡಿಸುವುದಿಲ್ಲ ಎಂದರು ಜಿನೇಶ. ಅವು ಯಾವಾಗ ಬರುತ್ತವೆಂದು ತಮಗೂ ತಿಳಿಯದು ಎಂದೂ ಹೇಳಿದರು. ಅದೇ ಫಲಕದ ಮೇಲೆ ಈಗ ಹಾಲೂಡಿಸುವ ಹೊತ್ತು, ಆಗ ಯಂತ್ರ ನೋಡಿಕೊಳ್ಳುವವರ ಹೆಸರು ಬರೆದಿದೆ.

ಹತ್ತು ಗಂಟೆಗೆ ಸಾಯಲಿ ಪಾಳಣಾಘರಕ್ಕೆ ಹೋಗುತ್ತಾಳೆ. ಯಮುನವ್ವ ಎರಡು ಯಂತ್ರಗಳ ನಡುವೆ ಬರುತ್ತಾಳೆ. ಮ್ಯಾನೇಜರ್ ಹಾದುಹೋದರೂ ಓಡುವುದಿಲ್ಲ, ನಡೆಯುತ್ತಾಳೆ. ಒಂದೆರಡು ಎಳೆ ಜೋತುಬಿದ್ದಿರುತ್ತವೆ. ಅವನ್ನು ಸಾಯಲಿ ಬಂದು ಕೂಡಿಸುತ್ತಾಳೆ.