ಎಂಜಲಾದ ದಾರ

ಘಾಟ್ಕೋಪರಿನ ಆ ಗಲ್ಲಿಯಲ್ಲಿ ನಜ್ಮಾಳ ಹೊಲಿಗೆಯ ಬಗ್ಗೆ ಯಾರ ತಕರಾರೂ ಇರಲಿಲ್ಲ. ಹೇಳಿದ ದಿನಕ್ಕೆ ಕೊಡುವುದಿಲ್ಲ ಎಂಬುದೊಂದೇ ತಕರಾರು. ಇಂಡಿ ಕಡೆಯ ಹೆಣ್ಣುಮಗಳು, ಮದುವೆಯಾಗಿ ಮುಂಬೈಗೆ ಬಂದು ಇಪ್ಪತ್ತೈದು ವರ್ಷ ಮೆಷಿನ್ ತುಳಿದವಳು. ಹಬ್ಬ ಬಂದರೆ ಉಣ್ಣಲು ಪುರುಸೊತ್ತಿಲ್ಲ, ಹಬ್ಬ ಮುಗಿದರೆ ಕೆಲಸವೇ ಇಲ್ಲ.

ಈಗ ಅವಳು ಹೊಲಿಯುವುದು ಉಪಗ್ರಹಗಳ ಹೊದಿಕೆ. ಸರಕಾರದ ಬಾಹ್ಯಾಕಾಶ ಕೆಲಸದ ಒಂದು ಚೂರು ಕೈಯಿಂದ ಕೈಗೆ ದಾಟಿ ಸ್ಟೇಷನ್ ಹತ್ತಿರದ ಸಣ್ಣ ಕಾರ್ಖಾನೆಗೆ ಬಂದಿದೆ. ಅಲ್ಲಿ ಒಂಬತ್ತು ಹೆಂಗಸರು, ತಿಂಗಳ ಸಂಬಳ, ಭಾನುವಾರ ರಜೆ. ಮಗಳು ಜೀನತ ನರ್ಸಿಂಗ್ ಸೇರಿದ್ದು ಈ ಸಂಬಳದ ಮೇಲೆಯೇ. ಕೆಳಮನೆಯ ದೇವಾನಂದ ಮಾತ್ರ, ಗಟಾರ ತುಂಬಿ ಹರಿಯುವ ದೇಶ ಕೋಟಿಗಟ್ಟಲೆ ದುಡ್ಡನ್ನು ಆಕಾಶಕ್ಕೆ ಎಸೆಯುತ್ತದೆಂದು ನಲ್ಲಿಯ ಬಳಿ ಭಾಷಣ ಬಿಗಿಯುತ್ತಿದ್ದ. ನಜ್ಮಾ ಒಮ್ಮೆ ಕೊಡ ಕೆಳಗಿಟ್ಟು ಹೇಳಿದಳು: "ಮ್ಯಾಲ ಹೋಗೂದು ನಾವು ಹೊಲಿಯೂ ಅರಿವಿ ಅಷ್ಟರೀ ಕಾಕಾ. ರೊಕ್ಕ ಇಲ್ಲೇ ನಮ್ಮ ಗಲ್ಲ್ಯಾಗ ಐತಿ." ಕಾಕಾ ಅಂದಿನಿಂದ ಗಟಾರದ ಬಗ್ಗೆಯಷ್ಟೇ ಮಾತಾಡುತ್ತಾನೆ, ಆ ವಿಷಯದಲ್ಲಿ ಅವನ ಮಾತು ಸರಿಯೇ.

ಕಾರ್ಖಾನೆಯಲ್ಲಿ ಕೈಗವಸು, ಮಾಸ್ಕ್ ಕಡ್ಡಾಯ. ಮೇಲ್ವಿಚಾರಕಿ ವಿಮಲಾ ಮೈಸೂರಿನವರು. ಎಂಜಲು ತಾಗಿದರೆ ಬಟ್ಟೆಯೇ ರದ್ದು ಎಂದು ಮೊದಲ ದಿನವೇ ಹೇಳಿದ್ದರು. ಮೇಲೆ ಹೋದ ಮೇಲೆ ಅದು ಆವಿಯಾಗಿ ಕ್ಯಾಮೆರಾದ ಕಣ್ಣಿಗೆ ಮಬ್ಬು ಕವಿಸುತ್ತದಂತೆ. ಈ ಸಲದ ಕ್ಯಾಮೆರಾ ಸಮುದ್ರದ ಮೇಲಿನ ಮೋಡ ನೋಡಿ ಬಿರುಗಾಳಿಯ ಸುದ್ದಿ ಕೊಡುವಂಥದ್ದು.

ಹನ್ನೊಂದು ದಿನದ ಹೊಲಿಗೆ ಮುಗಿಯುತ್ತ ಬಂದು ಕೊನೆಯ ಮೂಲೆ ಉಳಿದಿತ್ತು. ಸೂಜಿಯ ಕಣ್ಣಿಗೆ ದಾರ ಹೋಗಲೊಲ್ಲದು. ಇಪ್ಪತ್ತೈದು ವರ್ಷದ ಚಾಳಿ ಬಿಟ್ಟೀತೇ? ಕೈ ತಾನಾಗಿ ಮಾಸ್ಕ್ ಸರಿಸಿತು, ದಾರದ ತುದಿಯನ್ನು ನಾಲಿಗೆಗೆ ಮುಟ್ಟಿಸಿತು, ಸೂಜಿಗೆ ಪೋಣಿಸಿತು. ಆರು ಹೊಲಿಗೆ ಹಾಕಿದ ಮೇಲೆ ನಜ್ಮಾಳಿಗೆ ಎಂಜಲಿನ ಮಾತು ನೆನಪಾಗಿ ಸೂಜಿ ನಿಂತಿತು. ಯಾರೂ ನೋಡಿರಲಿಲ್ಲ. ಹೇಳಿದರೆ ಒಂಬತ್ತು ಜನರ ದುಡಿಮೆ ನೀರುಪಾಲು. ಅವಳ ಕೆಲಸವೂ ಹೋಗಬಹುದು, ಜೀನತಳ ಕಾಲೇಜೂ ಅಲ್ಲಿಗೇ ನಿಲ್ಲಬಹುದು. ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿದಳು. ಎದ್ದು ಹೋಗಿ ವಿಮಲಾರಿಗೆ ಹೇಳಿಬಿಟ್ಟಳು.

ವಿಮಲಾ ಬಟ್ಟೆಗೆ ರದ್ದಿನ ಕೆಂಪು ಚೀಟಿ ಅಂಟಿಸಿ ಕೇಳಿದರು: "ಯಾರೂ ನೋಡಿರ್ಲಿಲ್ವಲ್ಲ ನಜ್ಮಾ, ಯಾಕೆ ಹೇಳಿದ್ರಿ?"

"ಬ್ಲೌಸ್ ಬಿಗಿ ಆದ್ರ ತಿರುಗಿ ತರ್ತಾರ್ರೀ ಮೇಡಂ, ಬಿಚ್ಚಿ ಹೊಲದು ಕೊಡ್ತೀನಿ. ಇದು ತಿರುಗಿ ಬರೂದಿಲ್ಲಲ್ರೀ."

ಜೊತೆಯವರು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು. ಮೂರನೆಯ ದಿನ ಅವಳ ಡಬ್ಬಿಯ ಶೇಂಗಾ ಚಟ್ನಿಗೆ ಕೈ ಹಾಕಿದರು. ಕೆಲಸ ಹೋಗಲಿಲ್ಲ. ಹೊಸ ಹೊದಿಕೆ ಸಿದ್ಧವಾದ ದಿನ ವಿಮಲಾ ತಪಾಸಣೆಯ ಕಾಗದವನ್ನು ಅವಳ ಮುಂದಿಟ್ಟರು. ಇನ್ನು ಮೇಲೆ ನಜ್ಮಾ ನೋಡಿ ಸೈ ಅನ್ನದೆ ಒಂದು ತುಂಡೂ ಬಾಗಿಲು ದಾಟುವಂತಿಲ್ಲ. ತನಗೆ ಕನ್ನಡದಲ್ಲಿ ಮಾತ್ರ ರುಜು ಬರುತ್ತದೆಂದು ಅವಳು ನಾಚಿದಳು. ಅದರಲ್ಲೇ ಹಾಕಿ ಎಂದರು ವಿಮಲಾ. ಕೈಗವಸು ತೆಗೆದು ನಜ್ಮಾ ತನ್ನ ಹೆಸರು ಬರೆದಳು, ಜಕಾರದ ಕೆಳಗಿನ ಮಕಾರದ ಒತ್ತನ್ನು ಎರಡು ಸಲ ನೋಡಿಕೊಂಡಳು.