ಬಾಯಲ್ಲಿ ಶಹಬ್ಬಾಸ್, ಕಾಲಲ್ಲಿ ಬ್ರೇಕು

ಇಪ್ಪತ್ತೆರಡು ವರ್ಷದಿಂದ ಜನರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದೇನೆ. ಅದರಲ್ಲಿ ಹತ್ತೊಂಬತ್ತು ವರ್ಷ ಬೈದು ಕಲಿಸಿದೆ, ಎರಡು ವರ್ಷ ಹೊಗಳಿ ಕಲಿಸಿದೆ. ಹೊಗಳಿದ ಆ ಎರಡು ವರ್ಷಗಳಲ್ಲಿ ಬಂದಷ್ಟು ಒಳ್ಳೆಯ ಹೆಸರು ನನಗೆ ಹಿಂದೆಂದೂ ಬಂದಿರಲಿಲ್ಲ. ನನ್ನ ಕೈಯಲ್ಲಿ ಕಲಿತವರು ಅಷ್ಟೊಂದು ಗೋಡೆಗಳಿಗೆ ಗುದ್ದಿದ್ದೂ ಹಿಂದೆಂದೂ ಇರಲಿಲ್ಲ.

ಬೈಯುವ ಕಾಲದಲ್ಲಿ ನನ್ನ ಅಡ್ಡಹೆಸರು ಗುಡುಗು ಮೇಷ್ಟ್ರು. "ಕ್ಲಚ್ ಒತ್ತಿ ಅಂದ್ರೆ ಒತ್ರೀ! ಅದೇನು ಹಾವಾ, ಕಚ್ಚುತ್ತಾ?" ಎಂದು ನಾನು ಕಿರುಚಿದರೆ ಪಕ್ಕದ ಸೈಕಲ್ಲಿನವನೂ ಗಾಬರಿಯಾಗಿ ಬ್ರೇಕು ಹಿಡಿಯುತ್ತಿದ್ದ. ಕೆಲವರು ಅತ್ತರು. ಒಬ್ಬರು ನಡುರಸ್ತೆಯಲ್ಲಿ ಇಳಿದು ನಡೆದೇ ಮನೆಗೆ ಹೋದರು. ಆದರೂ ಪರೀಕ್ಷೆಯಲ್ಲಿ ಹತ್ತಕ್ಕೆ ಒಂಬತ್ತು ಜನ ಪಾಸಾಗುತ್ತಿದ್ದರು.

ಹೀಗಿರುವಾಗ ಅಕ್ಕನ ಮಗಳು ನನ್ನನ್ನು ಒಂದು ಆ್ಯಪಿಗೆ ಸೇರಿಸಿದಳು. "ಮಾವ, ಈಗ ಯಾರೂ ಬೋರ್ಡ್ ನೋಡ್ಕೊಂಡು ಬರಲ್ಲ. ಸ್ಟಾರ್ ನೋಡ್ಕೊಂಡು ಬರ್ತಾರೆ" ಎಂದಳು. ತಿಂಗಳು ತುಂಬುವಷ್ಟರಲ್ಲಿ ನನಗೆ ಐದಕ್ಕೆ ಎರಡು ಪಾಯಿಂಟ್ ಮೂರು ಬಂದಿತ್ತು. ಕೆಳಗೆ ಅನಿಸಿಕೆಗಳು. 'ಕೂಗಾಡುತ್ತಾರೆ.' 'ನಮ್ಮಪ್ಪನೂ ಹೀಗೆ ಬೈದಿರಲಿಲ್ಲ.' 'ಕಾರು ಚೆನ್ನಾಗಿದೆ.' ಮೂರನೆಯದನ್ನು ಓದಿದಾಗಲೇ ಹೆಚ್ಚು ನೋವಾದದ್ದು.

ಹೆಂಡತಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿ, "ಇದರಲ್ಲಿ ಹೊಸದೇನಿದೆ? ಇಷ್ಟು ವರ್ಷ ನಾನು ಬಾಯಲ್ಲಿ ಹೇಳಿದ್ದನ್ನೇ ಇವರು ಬರೆದಿದಾರೆ" ಅಂದಳು.

ಅಂದಿನಿಂದ ನಾನು ಬೆಣ್ಣೆಯಾದೆ. ಕನ್ನಡಿಯ ಮುಂದೆ ನಿಂತು "ಪರವಾಗಿಲ್ಲ, ತುಂಬಾ ಚೆನ್ನಾಗಿದೆ" ಎನ್ನುವುದನ್ನು ನಗುಮುಖದಲ್ಲಿ ಅಭ್ಯಾಸ ಮಾಡಿದೆ. ಆದರೆ ಬಾಯಿಗಿಂತ ದೊಡ್ಡ ಕಳ್ಳತನ ಮಾಡಿದ್ದು ನನ್ನ ಕಾಲು. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಮೊದಲು ಅದನ್ನು ಒತ್ತಿದಾಗಲೆಲ್ಲ ಊರಿಗೇ ಕೇಳುವಂತೆ ಹೇಳುತ್ತಿದ್ದೆ. ಈಗ ಸದ್ದಿಲ್ಲದೆ ಒತ್ತಿ, "ಆಹಾ, ಏನ್ ಬ್ರೇಕ್ ಹಾಕಿದ್ರಿ!" ಎನ್ನತೊಡಗಿದೆ. ಪಾಠ ಮುಗಿದ ಮೇಲೆ ಹಲ್ಲು ಕಿರಿದು, "ಒಂಚೂರು ಆ ಐದನ್ನ ಒತ್ತಿಬಿಡಿ" ಎಂದು ಕೇಳುತ್ತಿದ್ದೆ. ಎರಡು ವರ್ಷದಲ್ಲಿ ನಾಲ್ಕು ಪಾಯಿಂಟ್ ಒಂಬತ್ತು!

ಚಟ ಮನೆಗೂ ಹಬ್ಬಿತು. ಒಂದು ಬೆಳಿಗ್ಗೆ, "ಇವತ್ತು ಕಾಫಿ ಅದ್ಭುತ" ಎಂದೆ. ಹೆಂಡತಿ ನನ್ನನ್ನೇ ದಿಟ್ಟಿಸಿದಳು. "ಸಕ್ಕರೆ ಹಾಕೋದೇ ಮರ್ತಿದೀನಿ. ಒಂದು ಗುಟುಕಾದ್ರೂ ಕುಡಿದ್ರಾ?"

ಆ ದಿನಗಳಲ್ಲೇ ಲೆಕ್ಕದ ಟೀಚರ್ ಬಂದರು. ಮೂವತ್ತೈದು ವರ್ಷ ಪಾಠ ಮಾಡಿ ಆಗಷ್ಟೇ ನಿವೃತ್ತರಾಗಿದ್ದರು. ಲೈಸೆನ್ಸು ಹಿಂದೆಯೇ ಇತ್ತು, ಕಾರು ಮುಟ್ಟಿದ್ದೇ ಇಲ್ಲ. ಅವರ ಅಕ್ಕನನ್ನು ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಟೀಚರ್ ಸ್ಟೀರಿಂಗನ್ನು ಕರಿಹಲಗೆ ಒರೆಸುವ ಹಾಗೆ ತಿರುಗಿಸುತ್ತಿದ್ದರು. ಬ್ರೇಕಿನ ಮೇಲೆ ಕಾಲನ್ನು ಇಡುತ್ತಿದ್ದರೇ ಹೊರತು ಒತ್ತುತ್ತಿರಲಿಲ್ಲ. ಒತ್ತುವ ಕೆಲಸ ನನ್ನದಾಗಿತ್ತು.

ಇಪ್ಪತ್ತನೆಯ ಪಾಠದ ದಿನ ಕೇಳಿದರು: "ಮೇಷ್ಟ್ರೇ, ನಿಜ ಹೇಳಿ. ಅಕ್ಕನ್ನ ಕೂರಿಸ್ಕೊಂಡು ನಾನೊಬ್ಬಳೇ ಓಡಿಸಬಹುದಾ?"

ಆ ಒಂದು ಗಂಟೆಯಲ್ಲಿ ಒಂಬತ್ತು ಸಲ ಬ್ರೇಕು ಒತ್ತಿ ನನ್ನ ಮೀನಖಂಡ ಸೆಟೆದುಕೊಂಡಿತ್ತು. ಅದನ್ನು ತಿಕ್ಕಿಕೊಳ್ಳುತ್ತಲೇ, "ಧಾರಾಳವಾಗಿ ಟೀಚರ್! ನಿಮ್ಮಷ್ಟು ಬೇಗ ಕಲಿತವರೇ ಇಲ್ಲ" ಎಂದೆ. ಅವರು ಅಲ್ಲೇ ಐದು ಸ್ಟಾರ್ ಒತ್ತಿದರು.

ಮೂರನೇ ದಿನ ಫೋನು ಬಂತು. ಅವರ ಕಾರು ಆಸ್ಪತ್ರೆಯ ಕಾಂಪೌಂಡ್ ಗೋಡೆಗೆ ಗುದ್ದಿತ್ತು. ಕೂಡಲೇ ಓಡಿದೆ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ. ಒಂದು ದೀಪ ಒಡೆದಿತ್ತು. ಹಿಂದಿನ ಸೀಟಿನಲ್ಲಿ ಕುಳಿತಿದ್ದ ಅಕ್ಕ, ಸೊಟ್ಟಗಾದ ತಮ್ಮ ಕನ್ನಡಕದ ಕಡ್ಡಿಯನ್ನು ನಿಧಾನವಾಗಿ ನೆಟ್ಟಗೆ ಮಾಡುತ್ತಿದ್ದರು.

"ನಿಮ್ಮ ಕಾರಲ್ಲಿ ಒತ್ತುತ್ತಿದ್ದಷ್ಟೇ ಒತ್ತಿದೆ ಮೇಷ್ಟ್ರೇ, ಇದು ನಿಲ್ಲಲೇ ಇಲ್ಲ" ಎಂದರು ಟೀಚರ್.

"ಬ್ರೇಕೇ ಕೆಟ್ಟಿರಬೇಕು" ಎಂದರು ಅಕ್ಕ. "ನಮ್ಮ ಹುಡುಗಿ ಬಹಳ ಚೆನ್ನಾಗಿ ಓಡಿಸ್ತಾಳೆ ಅಂತ ನೀವೇ ಹೇಳಿದ್ರಂತಲ್ಲ?"

ನನ್ನ ತಲೆ ತಾನಾಗಿಯೇ ಹೌದೆಂದು ಆಡಿತು. ಬ್ರೇಕಿನ ಮೇಲೆ ತಪ್ಪು ಹೊರಿಸುವ ಎರಡು ವಾಕ್ಯಗಳೂ ನಾಲಿಗೆಗೆ ಬಂದಿದ್ದವು. ಅಷ್ಟರಲ್ಲಿ ಅಕ್ಕ ಕನ್ನಡಕ ಹಾಕಿಕೊಂಡು, ನಂಬಿಕೆಯಿಂದ ನನ್ನತ್ತ ನೋಡಿದರು.

"ಬ್ರೇಕು ಸರಿಯಾಗೇ ಇದೆ" ಎಂದೆ. "ಇಷ್ಟು ದಿನ ನಮ್ಮ ಕಾರಲ್ಲಿ ಒತ್ತುತ್ತಿದ್ದದ್ದು ನಾನು. ಟೀಚರ್ ಅಲ್ಲ."

ಟೀಚರ್ ಒಡೆದ ದೀಪವನ್ನೊಮ್ಮೆ ನೋಡಿದರು. ಆಮೇಲೆ, "ಮೂವತ್ತೈದು ವರ್ಷ ಯಾರಿಗೂ ಅರ್ಧ ಮಾರ್ಕು ಪುಕ್ಕಟೆ ಕೊಟ್ಟವಳಲ್ಲ ನಾನು" ಎಂದರು. "ನೀವು ಆ ಥರ ಮುಖ ಮಾಡ್ಕೊಂಡು ನನ್ನ ಫೋನನ್ನೇ ನೋಡ್ತಿದ್ರಿ. ಪಾಪ ಅನ್ನಿಸ್ತು, ಐದು ಕೊಟ್ಟೆ."

ಒಡೆದ ದೀಪದ ಚೂರುಗಳ ಮೇಲೆ ನಿಂತಿದ್ದೆ. ಮಾನವಂತನಾಗಿದ್ದರೆ ತಲೆ ತಗ್ಗಿಸಿ ಸುಮ್ಮನಿರಬೇಕಿತ್ತು. ನಾನು ಕೇಳಿದ್ದು, "ಹಾಗಾದ್ರೆ ನಿಜವಾಗಿ ಎಷ್ಟು ಟೀಚರ್?"

"ಎರಡು. ಹೊತ್ತಿಗೆ ಸರಿಯಾಗಿ ಬರ್ತೀರಿ, ಅದಕ್ಕೊಂದು. ಈಗ ಬಾಯಿ ಬಿಟ್ರಲ್ಲ, ಅದಕ್ಕೊಂದು."

ಮುಂದಿನ ಸೋಮವಾರ ಪಾಠ ಮತ್ತೆ ಶುರುವಾಯಿತು. ಟೀಚರದ್ದು ಒಂದೇ ಷರತ್ತು: ನನ್ನ ಬ್ರೇಕನ್ನು ನಾನು ಒತ್ತಿದಾಗಲೆಲ್ಲ ಗಟ್ಟಿಯಾಗಿ "ನಾನು" ಎನ್ನಬೇಕು. ಬೈಗುಳವೂ ಬೇಡ, ಹೊಗಳಿಕೆಯೂ ಬೇಡ. ಮೊದಲ ದಿನ ಹದಿನಾಲ್ಕು ಸಲ "ನಾನು" ಎಂದೆ. ಅವರು ಪ್ರತಿಸಲವೂ ತುಟಿ ಬಿಗಿಹಿಡಿದು ತಲೆಯಾಡಿಸುತ್ತಿದ್ದರು. ಆರು ವಾರ ಕಳೆದ ಮೇಲೆ ಒಂದು ದಿನ ಇಡೀ ಗಂಟೆ ನನ್ನ ಬಾಯಿಂದ ಆ ಮಾತು ಬರಲಿಲ್ಲ. ಕಾರು ನಿಲ್ಲಿಸಿ ಟೀಚರ್ ನನ್ನತ್ತ ತಿರುಗಿದರು. ನಾನು ಎರಡೂ ಕಾಲನ್ನು ಎತ್ತಿ ತೋರಿಸಿದೆ.

ಈಗ ಎಲ್ಲರಿಗೂ ಅದೇ ರೀತಿ ಕಲಿಸುತ್ತಿದ್ದೇನೆ. ಸ್ಟಾರ್ ಮೂರು ಪಾಯಿಂಟ್ ಎಂಟಕ್ಕೆ ಇಳಿದಿದೆ. ಮೊನ್ನೆ ಯಾರೋ ಬರೆದಿದ್ದಾರೆ: 'ಮೇಷ್ಟ್ರಿಗೆ ವಿಪರೀತ ಅಹಂಕಾರ. ಪ್ರತಿ ತಿರುವಿನಲ್ಲೂ ನಾನು ನಾನು ಎನ್ನುತ್ತಾರೆ.' ಹೆಂಡತಿ ಅದನ್ನು ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕು, ತನ್ನ ತಂಗಿಗೂ ಕಳಿಸಿದಳು.

ಕಳೆದ ವಾರ ಸಿಗ್ನಲ್ಲಿನ ಹತ್ತಿರ ನಿಂತಿದ್ದಾಗ ಟೀಚರ್ ಕಾರು ನನ್ನ ಮುಂದೆಯೇ ಹಾದುಹೋಯಿತು. ನಾನು ಕೈಯೆತ್ತಿ ಜೋರಾಗಿ ಬೀಸಿದೆ. ಅವರು ಇತ್ತ ನೋಡಲೂ ಇಲ್ಲ; ಎರಡೂ ಕೈ ಸ್ಟೀರಿಂಗಿನ ಮೇಲೆ, ಕಣ್ಣು ರಸ್ತೆಯ ಮೇಲೆ. ಹಿಂದಿನ ಸೀಟಿನಿಂದ ಅಕ್ಕ ಕೈ ಬೀಸಿದರು. ಟೀಚರ್ ಮಾಡಿದ್ದೇ ಸರಿ. ಆದರೂ ಸ್ವಲ್ಪ ಬೇಸರವಾಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ.