ಶರಣಮ್ಮನ ತಲೆಯ ಮೇಲಿನ ಕೆಂಪು ಹಗ್ಗ

ಶರಣಮ್ಮನಿಗೆ ಸಿಟ್ಟು ಬಂದರೆ ಮಾತು ಹೆಚ್ಚಾಗುವುದಿಲ್ಲ, ಕಡಿಮೆಯಾಗುತ್ತದೆ. ಆ ಸೋಮವಾರ ಬೆಳಗಿನಿಂದ ಅವಳು ಯಾರೊಂದಿಗೂ ಒಂದಕ್ಷರ ಮಾತಾಡಿರಲಿಲ್ಲ. ಮಾಡದ ತಪ್ಪನ್ನು ಮಾಡಿದ್ದೇನೆಂದು ಸಹಿ ಹಾಕು, ಇಲ್ಲವಾದರೆ ನಾಳೆಯಿಂದ ಬರಬೇಡ ಎಂದರೆ ಯಾರ ಬಾಯಲ್ಲಿ ತಾನೇ ಮಾತು ಬರುತ್ತದೆ?

ಯಾದಗಿರಿ ಕಡೆಯಿಂದ ಗಂಡ ಧರ್ಮಣ್ಣನ ಜೊತೆ ಪುಣೆಗೆ ಬಂದವಳು ಅವಳು. ಮೂರು ವರ್ಷ ಇಟ್ಟಿಗೆ ಹೊತ್ತಳು. ಆಮೇಲೆ ಶಿರೂರು ರಸ್ತೆಯ ಈ ಜರ್ಮನಿಯವರ ಕಂಪನಿ ಸೇರಿದಳು. ಗಾಡಿಗಳ ಬ್ರೇಕಿಗೆ ಹಾಕುವ ರಬ್ಬರ್ ರಿಂಗುಗಳು ಇಲ್ಲಿ ತಯಾರಾಗುತ್ತವೆ. ರಿಂಗು ಕೂದಲೆಳೆಯಷ್ಟು ಸೀಳಿದ್ದರೂ ಶರಣಮ್ಮನ ಬೆರಳಿಗೆ ತಿಳಿಯುತ್ತಿತ್ತು. ಹಾಗಿದ್ದೂ ಹದಿನಾಲ್ಕು ವರ್ಷದಿಂದ ಗುತ್ತಿಗೆಯವಳೇ. ಖಾಯಂ ಮಾಡುತ್ತೇವೆ ಎಂದು ಪ್ರತಿ ದೀಪಾವಳಿಗೂ ಹೇಳುತ್ತಿದ್ದರು, ಹೇಳಿ ಮರೆಯುತ್ತಿದ್ದರು.

ಕಳೆದ ವರ್ಷ ಕಂಪನಿಗೆ ಜಪಾನಿನ ಗಿರಾಕಿಗಳು ಬೇಕಾದರು. ಅವರಿಗೆಂದೇ ಒಂದು ಹೊಸ ಲೈನು ಎದ್ದು ನಿಂತಿತು. ನೆಲಕ್ಕೆ ಹಸಿರು ಬಣ್ಣ, ಕೈಗೆ ಬಿಳಿ ಗ್ಲೌಸು, ಪ್ರತಿ ಮೇಜಿನ ಮೇಲೆ ಚಾವಣಿಯಿಂದ ಇಳಿಬಿಟ್ಟ ಒಂದು ಕೆಂಪು ಹಗ್ಗ. ತಪ್ಪು ಕಂಡವರು ಯಾರೇ ಆಗಲಿ ಆ ಹಗ್ಗ ಜಗ್ಗಬೇಕು, ಗಂಟೆ ಹೊಡೆದು ಇಡೀ ಲೈನು ನಿಲ್ಲಬೇಕು. ಅದು ಜಪಾನಿನವರ ಪದ್ಧತಿಯಂತೆ. ಮ್ಯಾನೇಜರ್ ಕಿಶೋರ ಇದನ್ನು ಮೂರು ಭಾಷೆಯಲ್ಲಿ ಬರೆಸಿ ಗೋಡೆಗೆ ಹಾಕಿಸಿದ. ಗುತ್ತಿಗೆಯ ಹೆಂಗಸರನ್ನು ಮಾತ್ರ ಪಕ್ಕಕ್ಕೆ ಕರೆದು, ಅದಕ್ಕೆ ಕೈ ಹಚ್ಚಿದವರು ಅವತ್ತೇ ಮನೆಗೆ ಎಂದು ಹೇಳಿಟ್ಟ. ಸೊಲ್ಲಾಪುರದ ಕನ್ನಡದ ಮನೆಯವನು ಇವನು. ಕೆಲಸ ಮಾಡಿಸಿಕೊಳ್ಳಬೇಕಾದಾಗ ಕನ್ನಡ, ಬೈಯುವಾಗ ಮರಾಠಿ.

ಜಪಾನಿಗೆ ಮೊದಲ ಪೆಟ್ಟಿಗೆ ಹೊರಡುವ ದಿನ ಶರಣಮ್ಮ ಐದುನೂರು ರಿಂಗುಗಳನ್ನು ಒಂದೊಂದಾಗಿ ಒರೆಸಿ, ಸಾಲು ಸಾಲಾಗಿ ಜೋಡಿಸಿ, ಇನ್ನೇನು ಮುಚ್ಚಳ ಹಾಕಬೇಕು ಎನ್ನುವಾಗ ಕಿಶೋರ ಜೇಜುರಿಯ ಭಂಡಾರದ ಪೊಟ್ಟಣ ಹಿಡಿದು ಬಂದ. ಪಕ್ಕದಲ್ಲಿ ಜರ್ಮನ್ ಸಾಹೇಬ, ಎದುರಿಗೆ ಫೋಟೊ ತೆಗೆಯುವವನು. ಇಲ್ಲಿಯವರು ಖಂಡೋಬಾ ಎನ್ನುವ ಜೇಜುರಿಯ ಮೈಲಾರಲಿಂಗ ಶರಣಮ್ಮನ ಮನೆದೇವರು. ಭಂಡಾರವೆಂಬ ಆ ಅರಿಶಿನದ ಪುಡಿ ಕಂಡರೆ ಅವಳ ಕೈ ತಾನಾಗಿಯೇ ಮುಗಿಯುತ್ತದೆ. ಆದರೂ ರಿಂಗು ರಿಂಗೇ, ಅದರ ಮೇಲೆ ಧೂಳಿನ ಕಣವೂ ಕೂರಬಾರದು.

"ಒಳಗ ಹಾಕಬ್ಯಾಡ್ರಿ ಸಾಹೇಬ್ರ. ಲಾರಿ ಗಾಲಿಗೆ ಹಾಕ್ರಿ, ದೇವರಿಗೆ ಮುಟ್ಟತದ."

ಕಿಶೋರ ಕ್ಯಾಮರಾ ಕಡೆ ನಗುತ್ತ ತೆರೆದ ಪೆಟ್ಟಿಗೆಗೇ ಒಂದು ಚಿಟಿಕೆ ಉದುರಿಸಿದ. ಶರಣಮ್ಮ ತಲೆಯ ಮೇಲಿನ ಹಗ್ಗ ನೋಡಿದಳು. ಜಗ್ಗಲಿಲ್ಲ. ಅವನು ಕೈಸನ್ನೆ ಮಾಡಿದ ಮೇಲೆ ಮುಚ್ಚಳ ಹಾಕಿದಳು.

ಎರಡು ತಿಂಗಳಿಗೆ ಜಪಾನಿನಿಂದ ಫೋಟೊಗಳು ಬಂದವು. ಪೆಟ್ಟಿಗೆಯನ್ನು ಸಾಲು ಸಾಲಾಗಿ ಬಿಚ್ಚಿ ತೆಗೆದ ಫೋಟೊಗಳು. ಮೇಲಿನ ಸಾಲಿನ ಮೇಲೆ ಮಾತ್ರ ಹಳದಿ ಪುಡಿ. ಜೊತೆಗೊಂದು ಕಾಗದ. ಹೀಗೆ ಯಾಕಾಯಿತು, ಅದು ಯಾಕೆ, ಅದಾದರೂ ಯಾಕೆ ಎಂದು ಐದು ಸಲ ಕೇಳಿ ತಪ್ಪಿನ ಬುಡ ಹಿಡಿಯುವುದು ಅವರ ಕ್ರಮ. ಕಿಶೋರ ಐದಕ್ಕೂ ತಾನೇ ಉತ್ತರ ಬರೆದ. ಕೆಲಸದವಳು ಜೇಜುರಿಗೆ ಹೋಗಿದ್ದಳು, ಕೈ ತೊಳೆದಿರಲಿಲ್ಲ, ಗ್ಲೌಸು ಹಾಕಿರಲಿಲ್ಲ, ಹೇಳಿದರೂ ಕೇಳಲಿಲ್ಲ, ತಿಳಿವಳಿಕೆ ಇಲ್ಲದವಳು. ಎಂಥ ನಾಚಿಕೆಗೆಟ್ಟ ಮನುಷ್ಯ! ತಾನು ಉದುರಿಸಿದ್ದನ್ನು ಹದಿನಾಲ್ಕು ವರ್ಷ ದುಡಿದ ಕೈಗೆ ಮೆತ್ತಿ, ಕೆಳಗೆ ಅವಳ ಸಹಿಗೆ ಜಾಗ ಬಿಟ್ಟಿದ್ದ.

ಆ ಸೋಮವಾರ ಜಪಾನಿನ ಗಿರಾಕಿ ತಾನೇ ನೋಡಲು ಬಂದ. ಅರವತ್ತರ ಆಸುಪಾಸಿನ ಸಣ್ಣ ಮೈಕಟ್ಟಿನ ಮನುಷ್ಯ. ಮಾತು ದಾಟಿಸಲು ಬೆಂಗಳೂರಿನ ಹರ್ಷಾ ಎಂಬ ಹುಡುಗಿ ಜೊತೆಗಿದ್ದಳು. ಶರಣಮ್ಮನಿಗೆ ಕ್ಯಾಂಟೀನಿನಲ್ಲೇ ಕೂತಿರಲು ಹೇಳಿದ್ದರು. ಅವಳು ಕೂರಲಿಲ್ಲ. ನೇರ ತನ್ನ ಮೇಜಿಗೆ ಬಂದು, ಸಹಿ ಹಾಕದ ಕಾಗದವನ್ನು ಎಲ್ಲರೆದುರು ಇಟ್ಟಳು.

"ಐದು ಸಲ ಯಾಕ ಅಂತ ಕೇಳ್ಯಾರಂತ. ನನಗ ಒಂದ ಸಲನೂ ಯಾರೂ ಕೇಳಲಿಲ್ಲ" ಎಂದಳು ಹರ್ಷಾಳಿಗೆ. "ನನ್ನ ಕೈಗೆ ಭಂಡಾರ ಇದ್ದಿದ್ರ ತಳದ ರಿಂಗಿಗೂ ಹತ್ತಬೇಕಿತ್ತಲ್ಲವ್ವಾ. ಮ್ಯಾಲಿನ ಸಾಲಿಗಷ್ಟ ಹ್ಯಾಂಗ ಬಿತ್ತು?"

ಉದುರಿಸಿದವರು ಯಾರು, ತಾನು ಏನು ಹೇಳಿದ್ದೆ ಎಂಬುದನ್ನೂ ಮುಚ್ಚಿಡದೆ ಹೇಳಿದಳು. ಗಿರಾಕಿ ಫೋಟೊಗಳನ್ನು ಮತ್ತೆ ಒಂದೊಂದಾಗಿ ನೋಡಿದ. ಪಕ್ಕದಲ್ಲಿದ್ದ ಕಿಶೋರ ಒಂದು ಹೆಜ್ಜೆ ಹಿಂದೆ ಸರಿದ. ಶರಣಮ್ಮನ ಎದೆ ಹಗುರಾಗುವಷ್ಟರಲ್ಲಿ ಗಿರಾಕಿ ಅವಳ ಕಡೆಗೇ ತಿರುಗಿ ಏನೋ ಕೇಳಿದ. ಹರ್ಷಾ ತಲೆ ತಗ್ಗಿಸಿದಳು.

"ನೀವು ಕಣ್ಣಾರೆ ನೋಡಿದ್ರಲ್ಲಾ, ಮತ್ತೆ ಹಗ್ಗ ಯಾಕೆ ಎಳೀಲಿಲ್ಲ ಅಂತ ಕೇಳ್ತಿದಾರೆ."

ಶರಣಮ್ಮನ ಮೈಯೆಲ್ಲ ಉರಿಯಿತು. ಸುತ್ತಿ ಬಳಸಿ ತಪ್ಪು ಮತ್ತೆ ತನ್ನ ತಲೆಗೇ ಬಂತು. ಹೋಗುವ ಕೆಲಸ ಹೋಗಲಿ ಎಂದುಕೊಂಡಳು. ಕೈ ಎತ್ತಿ ಹಗ್ಗ ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ಜಗ್ಗಿದಳು.

ಗಂಟೆ ಹೊಡೆಯಲಿಲ್ಲ. ಲೈನು ನಿಲ್ಲಲಿಲ್ಲ. ಹಗ್ಗ ಕಿತ್ತು ಕೈಗೆ ಬಂತು. ಅದರ ತುದಿಯಲ್ಲಿ ಒಂದು ಮೊಳೆ ಇತ್ತು, ಗಂಟೆಗೆ ಹೋಗುವ ತಂತಿ ಇರಲಿಲ್ಲ. ಶರಣಮ್ಮ ಅದನ್ನು ಸುತ್ತಿ ಗಿರಾಕಿಯ ಕೈಗಿಟ್ಟು, ಕಿಶೋರನ ಕಡೆ ಕೈ ತೋರಿಸಿದಳು.

"ಇದು ಯಾಕ ಅಂತ, ಇನ್ನ ಆ ಸಾಹೇಬ್ರಿಗೆ ಕೇಳ್ರಿ ಅಂತ ಹೇಳವ್ವಾ."